ಕಾಲಿಗೆ ಬಲವಿಲ್ಲದ ಮಗು

ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಆದೋನಿ, ಕೋಸಿಗಿ ಕಡೆ ತಂದೆತಾಯಿ ಬೆಳಗಾದರೆ ಹೊಲಕ್ಕೆ. ಕಾಲಿಗೆ ಬಲವಿಲ್ಲದ ಮಗುವಿದ್ದರೆ ಅದು ಸಂಜೆಯ ತನಕ ಮಂಚದ ಮೇಲೆ. ದಣಿದು ಬಂದ ತಾಯಿ ಕನಿಕರದಿಂದ ತಾನೇ ತುತ್ತಿಡುತ್ತಾಳೆ. ಈ ಕನಿಕರ ಮಗುವಿನ ಕೈಯನ್ನೂ ಸೋಮಾರಿ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ಮಾಲತಿ ಹೊಳ್ಳರನ್ನೇ ನೋಡಿ. ಹುಟ್ಟಿದ್ದು 1958ರಲ್ಲಿ. ವರ್ಷದ ಕೂಸಾಗಿದ್ದಾಗ ಜ್ವರ ಬಂದು, ಪೋಲಿಯೊದಿಂದ ಇಡೀ ಮೈ ಸ್ವಾಧೀನ ತಪ್ಪಿತು. ಎರಡು ವರ್ಷಕ್ಕೂ ಮೀರಿ ವಿದ್ಯುತ್ ಚಿಕಿತ್ಸೆ ಕೊಡಿಸಿದ ಮೇಲೆ ಸೊಂಟದಿಂದ ಮೇಲಕ್ಕೆ ಬಲ ಬಂತು, ಕಾಲಿಗೆ ಬರಲಿಲ್ಲ. ಮುಂದೆ ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರದಲ್ಲಿ 15 ವರ್ಷ ವಾಸ, ಒಟ್ಟು ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ದೊಡ್ಡವರೇ ಹೆದರುವ ನೋವು! ಬಂದಷ್ಟು ಬಲದಲ್ಲೇ ಗಾಲಿಕುರ್ಚಿ ಓಟ, ಗುಂಡು ಎಸೆತ, ಭರ್ಜಿ ಎಸೆತ ಕಲಿತರು. 1988ರಲ್ಲಿ ಸಿಯೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದರು. 1995ರ ಅರ್ಜುನ ಪ್ರಶಸ್ತಿ, 2001ರ ಪದ್ಮಶ್ರೀ ಅವರದಾಯಿತು.

2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು, ನಿಜ. ಆದರೆ ಹೆರಿಗೆಯಲ್ಲಿ ಉಸಿರುಗಟ್ಟಿ ಮೆದುಳಿಗೆ ಪೆಟ್ಟಾದ ಮಕ್ಕಳು ಈಗಲೂ ಇದ್ದಾರೆ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಸುಗ್ಗಿಯಲ್ಲೂ ತಪ್ಪಿಸಬೇಡಿ. ಕೈ ಆಡುವ ಮಗುವಾದರೆ ತಟ್ಟೆಯನ್ನು ಅದರ ಮುಂದೆಯೇ ಇಡಿ. ಅರ್ಧ ಅನ್ನ ನೆಲಕ್ಕೆ ಚೆಲ್ಲಿದರೂ ಗದರಬೇಡಿ.