ಮೀನುಮರಿಗಳ ಲೆಕ್ಕವಿದೆ, ವಂಶದ ಲೆಕ್ಕ ಎಲ್ಲಿದೆ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2024ರ ಜೂನ್ ತಿಂಗಳಿನಲ್ಲಿ ಪ್ರಕಟಿಸಿದ ವರದಿಯು ಮನುಕುಲದ ಆಹಾರ ಚರಿತ್ರೆಯ ಒಂದು ತಿರುವನ್ನು ದಾಖಲಿಸಿತು. 2022ರಲ್ಲಿ ಜಗತ್ತಿನಾದ್ಯಂತ ಸಾಕಿ ಬೆಳೆಸಿದ ಮೀನು, ಸಿಗಡಿ ಮೊದಲಾದ ಜಲಚರಗಳ ಪ್ರಮಾಣವು ಕಡಲು ಹೊಳೆಗಳಿಂದ ಹಿಡಿದು ತಂದವುಗಳ ಪ್ರಮಾಣವನ್ನು ಮೊತ್ತಮೊದಲ ಬಾರಿಗೆ ಮೀರಿ, ಒಟ್ಟು ಉತ್ಪಾದನೆಯ ಶೇ. 51ಕ್ಕೆ ತಲುಪಿತು. ಮೀನು ಸಾಕಣೆಯಲ್ಲಿ ನಮ್ಮ ದೇಶಕ್ಕೆ ಚೀನಾದ ನಂತರದ ಸ್ಥಾನವಿದೆ. 2022-23ರಲ್ಲಿ ಭಾರತದ ಒಟ್ಟು ಮೀನು ಉತ್ಪಾದನೆ ಸುಮಾರು 175 ಲಕ್ಷ ಟನ್. ಅದರ ನಾಲ್ಕರಲ್ಲಿ ಮೂರು ಭಾಗದಷ್ಟು ಬಂದದ್ದು ಸಮುದ್ರದಿಂದಲ್ಲ, ಒಳನಾಡಿನ ಕೆರೆ, ಕೊಳ, ಜಲಾಶಯಗಳಿಂದ.

ಈ ಅಂಕಿಅಂಶಗಳು ಹೆಮ್ಮೆಪಡುವಂಥವೇ. 2020ರಲ್ಲಿ ಕೇಂದ್ರ ಸರಕಾರವು ಸುಮಾರು 20,050 ಕೋಟಿ ರೂಪಾಯಿಗಳ ಅಂದಾಜಿನೊಂದಿಗೆ ಮತ್ಸ್ಯ ಸಂಪದ ಯೋಜನೆಯನ್ನು ಆರಂಭಿಸಿದ ಬಳಿಕ ಈ ಕಸುಬಿಗೆ ಬ್ಯಾಂಕುಗಳ ಸಾಲವೂ ಹೆಚ್ಚು ಹರಿಯತೊಡಗಿದೆ. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಇಂಥ ಅರ್ಜಿಗಳನ್ನು ನೋಡುವ ನಮ್ಮಂಥವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಕೊಳದ ವಿಸ್ತೀರ್ಣವೆಷ್ಟು, ಆಹಾರದ ಖರ್ಚೆಷ್ಟು, ಬಿಡುವ ಮರಿಗಳೆಷ್ಟು ಎಂಬ ಎಲ್ಲ ಲೆಕ್ಕವೂ ಅಲ್ಲಿರುತ್ತದೆ. ಆ ಮರಿಗಳ ತಾಯಿತಂದೆಯರು ಯಾರು, ಎಷ್ಟು ಜೋಡಿಗಳಿಂದ ಅವು ಹುಟ್ಟಿದವು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ರೈತನ ಬೆಳೆಯ ಅಳಿವು ಉಳಿವು ಬಹುಮಟ್ಟಿಗೆ ಅಡಗಿರುವುದು ಈ ಕೇಳದ ಪ್ರಶ್ನೆಯಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಹಸು, ಕುರಿ, ನಾಯಿಗಳು ಮನುಷ್ಯನ ಮನೆಯಂಗಳಕ್ಕೆ ಬಂದು ಸಾವಿರಾರು ವರ್ಷಗಳಾದವು. ಸಾಕುಮೀನು ಹಾಗಲ್ಲ. ಗೆಂಡೆ ಮತ್ತು ಹೊನ್ನಮೀನಿನಂಥ ಕೆಲವನ್ನು ಬಿಟ್ಟರೆ ಈ ಬಳಗವೆಲ್ಲ ಹೊಸತು. ಇಂದು ಸಾಕಣೆಯಲ್ಲಿರುವ ಜಲಜೀವಿ ಪ್ರಭೇದಗಳಲ್ಲಿ ಶೇ. 97ರಷ್ಟು ಇಪ್ಪತ್ತನೆಯ ಶತಮಾನದ ಆರಂಭದಿಂದೀಚೆಗೆ ಪಳಗಿದವು ಎಂದು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಗುರುತಿಸಿತ್ತು. ಕಾಡುಪ್ರಾಣಿಯೊಂದು ಸಾಕುಪ್ರಾಣಿಯಾಗುವ ಬಗೆ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಪಳಗುವಿಕೆ ಮನುಷ್ಯನ ಸಂಕಲ್ಪಕ್ಕಾಗಿ ಕಾಯುವುದಿಲ್ಲ. ತೊಟ್ಟಿಯಲ್ಲಿ ಹುಟ್ಟಿ ಬೆಳೆಯುವ ಮರಿಗೆ ಬೇಟೆಯಾಡುವ ಚಾತುರ್ಯ ಬೇಡ, ಶತ್ರುವಿನ ಭಯ ಬೇಡ. ಗುಂಪಿನ ನೂಕುನುಗ್ಗಲನ್ನು ಸಹಿಸಿ, ಎಸೆದ ಆಹಾರವನ್ನು ಮೊದಲು ನುಂಗುವ ಮರಿಯೇ ಅಲ್ಲಿ ಬದುಕುತ್ತದೆ; ಮುಂದೆ ಸಂತಾನ ಪಡೆಯುವುದೂ ಅದೇ. ಅಮೆರಿಕದ ಒರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್ ಟ್ರೌಟ್ ಮೀನುಗಳ ಮೇಲಿನ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿವೆ. ಸಾಕಣೆಯಲ್ಲಿ ಕಳೆದ ಪ್ರತಿಯೊಂದು ತಲೆಮಾರಿಗೂ, ಆ ಮೀನುಗಳು ಮರಳಿ ನದಿಯಲ್ಲಿ ಸಂತಾನ ಪಡೆಯುವ ಸಾಮರ್ಥ್ಯವು ಸುಮಾರು ಶೇ. 40ರಷ್ಟು ಕುಗ್ಗುತ್ತದೆಂದು 2007ರಲ್ಲಿ ತಿಳಿದುಬಂತು. ಒಂದೇ ಒಂದು ತಲೆಮಾರಿನ ಸಾಕಣೆಯಿಂದ 723 ವಂಶವಾಹಿಗಳು ಕೆಲಸ ಮಾಡುವ ಪ್ರಮಾಣದಲ್ಲಿ ವ್ಯತ್ಯಾಸವಾಗುವುದನ್ನು 2016ರ ಅಧ್ಯಯನ ತೋರಿಸಿತು.

ನಮ್ಮ ದೇಶದಲ್ಲಿ ಈ ಕಥೆ ಆರಂಭವಾದದ್ದು 1957ರ ಜುಲೈ 10ರಂದು. ಅಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳು ಕೊಳದ ನೀರಿನಲ್ಲಿಯೇ ಮೊಟ್ಟೆಯಿಡುವಂತೆ ಮಾಡುವಲ್ಲಿ ಯಶಸ್ವಿಯಾದರು. ಅದರ ನೆನಪಿಗಾಗಿ ಆ ದಿನವನ್ನು ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ಅಲ್ಲಿಯವರೆಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಬೇಕೆಂದರೆ ಮಳೆಗಾಲದ ನೆರೆನೀರಿನಲ್ಲಿ ಬಲೆಯೊಡ್ಡಿ ಹಿಡಿಯಬೇಕಿತ್ತು. ಈ ಸಂಶೋಧನೆಯಿಂದ ನದಿಯ ಹಂಗು ತಪ್ಪಿತು. ಅದರೊಂದಿಗೆ ಪ್ರತಿವರ್ಷವೂ ನದಿಯಿಂದ ಬರುತ್ತಿದ್ದ ಹೊಸ ರಕ್ತವೂ ತಪ್ಪಿತು ಎಂಬುದನ್ನು ಆಗ ಹೆಚ್ಚಿನವರು ಯೋಚಿಸಲಿಲ್ಲ.

ಮೀನಿನ ವರವೇ ಇಲ್ಲಿ ಶಾಪವಾಗುತ್ತದೆ. ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕುತ್ತದೆ. ದೊಡ್ಡ ಹಿಂಡು ಬೇಕಾದರೆ ನೂರಾರು ಹಸುಗಳನ್ನು ಸಾಕಲೇಬೇಕು. ರೋಹು ಮೀನಾದರೋ ತನ್ನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಎರಡು ಲಕ್ಷಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡಬಲ್ಲದು. ಕೆಲವೇ ಜೋಡಿಗಳಿಂದ ಇಡೀ ತಾಲೂಕಿಗೆ ಸಾಲುವಷ್ಟು ಮರಿಗಳು ದೊರೆಯುವಾಗ ನೂರಾರು ಜೋಡಿಗಳನ್ನು ಸಾಕುವ ಖರ್ಚು ಯಾರಿಗೆ ಬೇಕು? ಮುಂದಿನ ವರ್ಷ ಆ ಮರಿಗಳಲ್ಲೇ ಕೆಲವನ್ನು ತಾಯಿಮೀನುಗಳಾಗಿ ಉಳಿಸಿಕೊಂಡರೆ ಅಣ್ಣತಂಗಿಯರ ನಡುವೆಯೇ ಕೂಡಿಕೆ ನಡೆಯುತ್ತದೆ. ದೊಡ್ಡ ಮೀನುಗಳನ್ನು ಪೇಟೆಗೆ ಕಳಿಸಿ ಉಳಿದ ಸಣ್ಣವುಗಳನ್ನು ತಳಿಗೆ ಇಟ್ಟುಕೊಂಡರಂತೂ ನಿಧಾನವಾಗಿ ಬೆಳೆಯುವ ಗುಣವನ್ನು ನಾವೇ ಆರಿಸಿದಂತಾಗುತ್ತದೆ.

ಇದು ಕೇವಲ ತರ್ಕವಲ್ಲ. ಕರ್ನಾಟಕದ ಮೀನುಮರಿ ಉತ್ಪಾದನಾ ಕೇಂದ್ರಗಳನ್ನೇ ಅಧ್ಯಯನ ಮಾಡಿ ಎ. ಇ. ಏಕನಾಥ್ ಮತ್ತು ಆರ್. ಡಬ್ಲ್ಯು. ಡಾಯ್ಲ್ ಅವರು 1990ರಲ್ಲಿ ಪ್ರಕಟಿಸಿದ ಪ್ರಬಂಧವು ಜಗತ್ತಿನ ಮತ್ಸ್ಯವಿಜ್ಞಾನಿಗಳ ಗಮನ ಸೆಳೆಯಿತು. ರಕ್ತಸಂಬಂಧದೊಳಗಿನ ಕೂಡಿಕೆ, ಅಂದರೆ ಇನ್‌ಬ್ರೀಡಿಂಗ್, ಅಲ್ಲಿ ತಲೆಮಾರೊಂದಕ್ಕೆ ಶೇ. 2ರಿಂದ 17ರವರೆಗೆ ಏರುತ್ತಿತ್ತೆಂದು ಅವರು ಅಂದಾಜಿಸಿದ್ದರು. ನಮ್ಮ ಕುಟುಂಬಗಳಿಗೆ ಅರ್ಥವಾಗುವ ಹೋಲಿಕೆ ಹೇಳುವುದಾದರೆ, ಅಕ್ಕನ ಮಗಳನ್ನು ಸೋದರಮಾವನಿಗೆ ಕೊಟ್ಟು ಮಾಡುವ ಮದುವೆಯ ಸಂತಾನದಲ್ಲಿ ಈ ಪ್ರಮಾಣ ಶೇ. 12.5 ಆಗುತ್ತದೆ. ಅದಕ್ಕಿಂತಲೂ ಹೆಚ್ಚಿನ ಸಾಮೀಪ್ಯವು ಕೆಲವು ಕೇಂದ್ರಗಳಲ್ಲಿ ಒಂದೇ ತಲೆಮಾರಿನಲ್ಲಿ ಸೇರಿಕೊಳ್ಳುತ್ತಿತ್ತು. ಇದರ ಫಲವಾಗಿ ಬೆಳವಣಿಗೆ ಕುಂಠಿತವಾಗಬಹುದು, ಅಂಗವಿಕಾರಗಳು ಹೆಚ್ಚಬಹುದು, ರೋಗ ತಗುಲಿದರೆ ಕೊಳಕ್ಕೆ ಕೊಳವೇ ಬಲಿಯಾಗಬಹುದು. ರೈತನು ನೀರನ್ನು ದೂರುತ್ತಾನೆ, ಆಹಾರವನ್ನು ದೂರುತ್ತಾನೆ, ಕೊನೆಗೆ ತನ್ನ ಹಣೆಬರಹವನ್ನು ದೂರುತ್ತಾನೆ. ಮರಿ ಮಾರಿದವರನ್ನು ಕೇಳುವವರಿಲ್ಲ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ನಾರ್ವೆ ದೇಶವು 1970ರ ದಶಕದ ಆರಂಭದಲ್ಲಿ ಸುಮಾರು 40 ನದಿಗಳಿಂದ ಸಾಲ್ಮನ್ ಮೀನುಗಳನ್ನು ತಂದು, ಪ್ರತಿಯೊಂದು ಕುಟುಂಬದ ವಂಶಾವಳಿಯನ್ನು ಬರೆದಿಟ್ಟು, ತಳಿ ಆಯ್ಕೆಯನ್ನು ಆರಂಭಿಸಿತು. ಅದೇ ನಾರ್ವೆಯ ವಿಜ್ಞಾನಿಗಳ ಸಹಯೋಗದಿಂದ 1992ರಲ್ಲಿ ಭುವನೇಶ್ವರ ಸಮೀಪದ ಕೌಸಲ್ಯಗಂಗಾದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ರೋಹು ತಳಿಯ ಸುಧಾರಣೆಯನ್ನು ಕೈಗೊಂಡಿತು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ನದಿಗಳ ಮೀನುಗಳನ್ನು ಸಾಕಣೆಯ ಮೀನುಗಳೊಂದಿಗೆ ಕೂಡಿಸಿ ಆರಿಸಿದ ಈ ತಳಿಯು ತಲೆಮಾರಿಗೆ ಸರಾಸರಿ ಸುಮಾರು ಶೇ. 17ರಷ್ಟು ಹೆಚ್ಚಿನ ಬೆಳವಣಿಗೆ ತೋರಿತು. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ 'ಜಯಂತಿ ರೋಹು' ಎಂಬ ಹೆಸರಿನಿಂದ ಅದು ರೈತರನ್ನು ತಲುಪಿತು. ಇಲ್ಲಿ ವಂಶವಾಹಿಯನ್ನು ಹೊರಗಿನಿಂದ ತಂದು ಸೇರಿಸಿದ್ದಿಲ್ಲ. ನಮ್ಮ ಹಿರಿಯರು ಬಿತ್ತನೆಯ ತೆನೆಯನ್ನು ಆರಿಸುತ್ತಿದ್ದ ವಿವೇಕವೇ ಲೆಕ್ಕಪುಸ್ತಕದ ಶಿಸ್ತನ್ನು ಪಡೆದುಕೊಂಡಿತು.

ಆದರೆ ಉತ್ತಮ ತಳಿಯೊಂದೇ ಸಾಲದು. ನಾರ್ವೆಯಲ್ಲಿ ಪಂಜರಗಳಿಂದ ತಪ್ಪಿಸಿಕೊಂಡ ಸಾಕು ಸಾಲ್ಮನ್‌ಗಳು ನದಿಯ ಮೀನುಗಳೊಂದಿಗೆ ಕೂಡಿಕೊಂಡವು. 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಪರೀಕ್ಷಿಸಿದ ಕಾಡು ಸಾಲ್ಮನ್ ಸಮೂಹಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸಾಕುಮೀನಿನ ವಂಶವಾಹಿಗಳು ಬೆರೆತುಹೋಗಿದ್ದವು. ಯಾವ ನದಿಗಳಿಂದ ಮೂಲಧನವನ್ನು ಪಡೆದರೋ ಆ ನದಿಗಳೇ ಬರಿದಾಗುವ ಪರಿಸ್ಥಿತಿ ಇದು.

ಕಾವೇರಿಯ ಕಥೆ ತುಸು ಭಿನ್ನವಾದರೂ ಪಾಠ ಒಂದೇ. ಮುಂಬಯಿ-ಪುಣೆ ದಾರಿಯ ಲೋನಾವಳದಲ್ಲಿ 1970ರ ದಶಕದಿಂದ ಮರಿ ಮಾಡಿಸಲಾದ ನೀಲಿ ರೆಕ್ಕೆಯ ಮಹಶೀರ್ ಮೀನುಗಳನ್ನು ಸದುದ್ದೇಶದಿಂದಲೇ ಕಾವೇರಿಗೂ ಬಿಡಲಾಯಿತು. ಕಾವೇರಿ ಕೊಳ್ಳಕ್ಕೇ ಸೀಮಿತವಾದ ಗೂನುಬೆನ್ನಿನ ಮಹಶೀರ್ ಬೇರೆಯೇ ಪ್ರಭೇದವಾಗಿತ್ತು. ಅದರ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದುಗಳೊಂದಿಗೆ ಹೊರಗಿನ ಮೀನಿನ ಪೈಪೋಟಿಯನ್ನೂ ಸಂಶೋಧಕರು ಅದರ ಅವನತಿಯ ಕಾರಣಗಳಲ್ಲಿ ಎಣಿಸಿದ್ದಾರೆ. ಮರಿಗಳನ್ನು ಬಿಡುವುದೇ ಸಂರಕ್ಷಣೆಯಲ್ಲ, ಯಾವ ನೀರಿಗೆ ಯಾವ ವಂಶ ಎಂಬುದನ್ನು ಅರಿತಿರಬೇಕು.

ಅಸಲು ಮತ್ತು ಬಡ್ಡಿಯ ಭೇದ ನಮ್ಮ ವೃತ್ತಿಯ ಮೊದಲ ಪಾಠ. ನದಿಯ ಮೀನುಗಳ ವಂಶವೈವಿಧ್ಯವೇ ಅಸಲು. ಕೊಳದ ಬೆಳೆ ಅದರ ಬಡ್ಡಿ. ಅಸಲನ್ನು ಕಾಯುವ ವ್ಯವಸ್ಥೆ ದೇಶದಲ್ಲಿ ಇಲ್ಲದಿಲ್ಲ. ಲಖನೌದಲ್ಲಿ ಮತ್ಸ್ಯ ಆನುವಂಶಿಕ ಸಂಪನ್ಮೂಲಗಳ ರಾಷ್ಟ್ರೀಯ ಕೇಂದ್ರವಿದೆ. ಭುವನೇಶ್ವರದಲ್ಲಿ ತಾಯಿಮೀನುಗಳ ರಾಷ್ಟ್ರೀಯ ಬ್ಯಾಂಕ್ ಇದೆ. ನಮ್ಮ ಮುಂಬಯಿಯ ವರ್ಸೋವಾದಲ್ಲಿಯೇ 1961ರಿಂದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಿದೆ. ಕೊರತೆಯಿರುವುದು ಈ ಜ್ಞಾನವನ್ನು ತಾಲೂಕು ಮಟ್ಟದ ಮರಿ ಉತ್ಪಾದಕನಿಗೆ ಮುಟ್ಟಿಸುವುದರಲ್ಲಿ. ತಾಯಿಮೀನುಗಳ ದಾಖಲೆಯಿಡುವುದು, ಕೆಲವು ವರ್ಷಗಳಿಗೊಮ್ಮೆ ಬೇರೆ ಕೇಂದ್ರಗಳೊಂದಿಗೆ ತಳಿ ಬದಲಾಯಿಸಿಕೊಳ್ಳುವುದು, ಸಾಕಷ್ಟು ಜೋಡಿಗಳನ್ನು ಬಳಸುವುದು: ಇವು ದುಬಾರಿಯಾದ ಯಂತ್ರಗಳನ್ನು ಬೇಡುವ ಕೆಲಸಗಳಲ್ಲ. ಸಹಾಯಧನ ನೀಡುವ ಸರಕಾರವೂ ಸಾಲ ನೀಡುವ ಬ್ಯಾಂಕೂ ಮರಿಗಳ ಮೂಲದ ಪ್ರಮಾಣಪತ್ರವನ್ನು ಕೇಳತೊಡಗಿದರೆ ಉತ್ಪಾದಕರು ಅದನ್ನು ಒದಗಿಸಲು ತಾವಾಗಿಯೇ ಮುಂದಾಗುವರು.

ಬಂಗುಡೆ, ಅಂಜಲ್‌ಗಳ ರುಚಿಯಲ್ಲಿ ಬೆಳೆದ ಕರಾವಳಿಯ ನಮ್ಮ ಬಂಧುಗಳಿಗೆ ರೋಹು, ಕಾಟ್ಲಾಗಳು ಪರಕೀಯವೆನಿಸಬಹುದು. ಮೀನನ್ನೇ ಮುಟ್ಟದ ಮನೆಗಳೂ ನಮ್ಮಲ್ಲಿ ಅನೇಕ. ಆದರೆ ಊರಿನ ಕೆರೆಯನ್ನು ಗುತ್ತಿಗೆ ಹಿಡಿದು ಮರಿ ಬಿಟ್ಟ ಸಹಕಾರ ಸಂಘದ ಸದಸ್ಯರೂ, ಭತ್ತದ ಗದ್ದೆಯ ಬದಿಯಲ್ಲಿ ಹೊಂಡ ತೋಡಿಸಿದ ದಾಯಾದಿಗಳೂ ನಮ್ಮವರೇ. ಈ ಬಾರಿ ಊರಿಗೆ ಹೋದಾಗ ಎಷ್ಟು ಮರಿ ಬಿಟ್ಟಿರಿ ಎಂದು ಕೇಳುವುದರ ಜೊತೆಗೆ, ಅವು ಎಲ್ಲಿಯ ಮರಿಗಳು, ಯಾವ ತಾಯಿಮೀನಿನವು ಎಂದೂ ವಿಚಾರಿಸೋಣ. ಕೊಳ್ಳುವವನು ಕೇಳಿದಾಗಲೇ ಮಾರುವವನು ಲೆಕ್ಕವಿಡುತ್ತಾನೆ.