ಕೂರುವ ಮುನ್ನವೇ ಬೆಲೆ ಕೇಳಿ

ಕೆಂಪಾಪುರದಲ್ಲಿ ತಳ್ಳುಗಾಡಿಯವನು ಕೆಜಿಗೆ ನಲವತ್ತು ಎಂದರೆ ಮೂವತ್ತಕ್ಕೆ ಕೊಡಪ್ಪ ಎನ್ನುವುದು ರೂಢಿ. ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಈ ಚೌಕಾಸಿಯಲ್ಲೇ ಬೆಳೆದ ಹುಡುಗ ಓದಿಗೋ ಉದ್ಯೋಗಕ್ಕೋ ಟೋಕಿಯೊಗೆ ಹೋದರೆ, ಅಲ್ಲಿ ಈ ವಿದ್ಯೆ ಕೈಕೊಡುವ ಜಾಗ ಒಂದಿದೆ. ಅದು ರಾತ್ರಿಯ ಹೊಸ್ಟೆಸ್ ಕ್ಲಬ್ಬು. ಪಾಲಕರು ಮುಖ ಸಿಂಡರಿಸಬಹುದು. ಆದರೆ ಕೆಲಸ ಮುಗಿದ ಮೇಲೆ ಕಚೇರಿಯ ಹಿರಿಯರೇ ಅಲ್ಲಿಗೆ ಕರೆದೊಯ್ಯುವುದುಂಟು.

ಇಲ್ಲಿ ಹೆಣ್ಣುಮಕ್ಕಳು ಗಿರಾಕಿಯ ಪಕ್ಕ ಕುಳಿತು ಗ್ಲಾಸು ತುಂಬುತ್ತಾರೆ, ಹರಟುತ್ತಾರೆ, ಹಾಡಿಗೆ ದನಿಗೂಡಿಸುತ್ತಾರೆ. ಗಿರಾಕಿ ದುಡ್ಡು ಕೊಡುವುದು ಆ ಒಡನಾಟಕ್ಕೆ, ಅಷ್ಟಕ್ಕೇ. ಮೈ ಮುಟ್ಟುವುದು, ಕೇಳದೆ ಫೋಟೊ ತೆಗೆಯುವುದು ಸಲ್ಲದು. ಕುಡಿಯದವರು ಊಲಾಂಗ್ ಚಹಾ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಟಿಪ್ಸ್ ಕೊಡುವ ಪದ್ಧತಿ ಜಪಾನಿನಲ್ಲಿ ಇಲ್ಲ.

ತೊಡಕಿರುವುದು ಬಿಲ್ಲಿನಲ್ಲಿ. ಬಾಗಿಲಲ್ಲಿ ಹೇಳುವ ದರ ಸಾಮಾನ್ಯವಾಗಿ ಒಂದು ಗಂಟೆಯಷ್ಟು ಹೊತ್ತಿಗೆ. ಇದನ್ನು 'ಸೆಟ್' ಎನ್ನುತ್ತಾರೆ. ಹೊತ್ತು ಮೀರಿದರೆ ಬೇರೆ ದರ. ಪಕ್ಕದಲ್ಲಿ ಕುಳಿತವಳು ಕುಡಿದದ್ದೂ ಗಿರಾಕಿಯ ಲೆಕ್ಕಕ್ಕೆ. ಇಂಥವಳೇ ಬರಲಿ ಎಂದು ಹೆಸರು ಹೇಳಿ ಕರೆಸಿದರೆ ಅದಕ್ಕೂ ಶುಲ್ಕ. ಎಲ್ಲದರ ಮೇಲೆ ಸೇವಾಶುಲ್ಕ, ತೆರಿಗೆ. ಬಿಲ್ಲು ಬಂದ ಮೇಲೆ ಚೌಕಾಸಿಗಿಳಿದರೆ ಮುಖಭಂಗವೇ ಗತಿ. ಕೇಳುವುದಿದ್ದರೆ ಕೂರುವ ಮೊದಲು ಕೇಳಬೇಕು: ಎಷ್ಟು ಹೊತ್ತು, ಎಲ್ಲ ಸೇರಿ ಎಷ್ಟು? ದರಪಟ್ಟಿ ತೋರಿಸದ ಕಡೆಯಿಂದ ಎದ್ದು ಬಂದರೆ ನಷ್ಟವೇನಿಲ್ಲ. ಕಬುಕಿಚೊದಂಥ ಬೀದಿಗಳಲ್ಲಿ ತೋಳು ಹಿಡಿದು ಕರೆಯುವ ದಲ್ಲಾಳಿಗಳ ಹಿಂದೆಯಂತೂ ಹೋಗಬಾರದು. ಗಿರಾಕಿಗಳನ್ನು ಸುಲಿಯುವ ಇಂಥ ದಂಧೆ ತಡೆಯಲೆಂದೇ ಟೋಕಿಯೊ ಆಡಳಿತ 2000ದಲ್ಲಿ ಕಟ್ಟಳೆ ತಂದಿತು. ದಂಧೆ ನಿಂತಿಲ್ಲ.

ಬೆಂಗಳೂರಿಗೂ ಇಂಥ ತಕರಾರು ಹೊಸದಲ್ಲ. ಲೈವ್ ಬ್ಯಾಂಡ್ ರೆಸ್ಟೊರೆಂಟುಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು.

ಉದ್ಯೋಗಸ್ಥರಿಗೆ ಇದು ಜೇಬಿನ ಪ್ರಶ್ನೆ. ವಿದ್ಯಾರ್ಥಿಗಳಿಗೆ ಹಾಗಲ್ಲ. ಮದ್ಯ ಸೇವಿಸಲು ಜಪಾನಿನಲ್ಲಿ 20 ವರ್ಷ ತುಂಬಿರಬೇಕು. 2022ರಲ್ಲಿ ಪ್ರೌಢ ವಯಸ್ಸನ್ನು 18ಕ್ಕೆ ಇಳಿಸಿದಾಗಲೂ ಇದನ್ನು ಮುಟ್ಟಲಿಲ್ಲ. ಅದಕ್ಕಿಂತ ಗಂಭೀರವಾದದ್ದು ದುಡಿಮೆಯ ವಿಷಯ. ವಿದ್ಯಾರ್ಥಿ ವೀಸಾದವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆ. ಆದರೆ ಹೊಸ್ಟೆಸ್ ಕ್ಲಬ್ಬುಗಳಲ್ಲಿ ಮಾತ್ರ ಸಲ್ಲದು. ಗಿರಾಕಿಯ ಪಕ್ಕ ಕೂರುವುದಷ್ಟೇ ಅಲ್ಲ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದೂ ನಿಷಿದ್ಧ. ಸಂಬಳ ಹೆಚ್ಚೆಂಬ ಆಸೆಗೆ, ಇಲ್ಲವೇ ಪರಿಚಯದವರು ಹೇಳಿದರೆಂದು ಸೇರಿಕೊಂಡವರು ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಗಡೀಪಾರೂ ಆಗಬಹುದು. ಸಾಲ ಮಾಡಿ ಕಳುಹಿಸಿದ ಮನೆಗೆ ಮಗ ಅಥವಾ ಮಗಳು ಪದವಿಯಿಲ್ಲದೆ ಮರಳಿದಂತೆ.

ಇದನ್ನು ತಿಳಿಯಲು ವಕೀಲರ ಬಳಿ ಹೋಗಬೇಕಿಲ್ಲ. ಜಪಾನ್ ಸರ್ಕಾರ ಕೊಡುವ ನಿವಾಸ ಕಾರ್ಡಿನ ಹಿಂಬದಿಯಲ್ಲಿ ಅನುಮತಿಯ ಮುದ್ರೆ ಇರುತ್ತದೆ. 28 ಗಂಟೆಯ ಮಿತಿ, ಪಕ್ಕದಲ್ಲೇ ಈ ನಿಷೇಧ, ಎರಡೂ ಒಂದೇ ಸಾಲಿನಲ್ಲಿ, ಜಪಾನೀ ಲಿಪಿಯಲ್ಲಿ. ಮಕ್ಕಳ ಕೈಯಲ್ಲಿ ಆ ಸಾಲನ್ನು ಓದಿಸಿ, ಅರ್ಥ ಹೇಳಿಸಿ ಕೇಳಿ.