ಮೋಟ್ರು ಕೂಗಿದ್ರೆ ಮೋಟ್ರನ್ನೇ ಯಾಕೆ ಬೈತೀರಿ?

ನಮ್ಮ ಕಡೆ, ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹೊಲದ ಪಂಪು ಗರಗರ ಅಂದ್ರೆ ಸಿಗೋ ಉತ್ತರ ಒಂದೇ. "ಮೋಟ್ರು ಸಾಲಲ್ಲ, ಐದು ತೆಗೆದು ಏಳೂವರೆ ಹಾಕ್ಸಿ!" 2021ರಲ್ಲಿ ಬಳ್ಳಾರಿ ಹೋಗಿ ವಿಜಯನಗರ ಜಿಲ್ಲೆ ಆಯ್ತು, ಈ ಉತ್ತರ ಮಾತ್ರ ಬದಲಾಗಲಿಲ್ಲ. ಅಲ್ಲಾ ಸ್ವಾಮಿ, ಸದ್ದು ಎಲ್ಲಿಂದ ಬರ್ತಿದೆ ಅಂತ ಒಂದು ಸಲವಾದ್ರೂ ಕಿವಿಗೊಟ್ಟು ಕೇಳಿದೀರಾ?

ಸಾಫ್ಟ್‌ವೇರಿನವರು ಪ್ರೋಗ್ರಾಂ ಬಿದ್ರೆ ಮೊದಲು ಲಾಗ್ ಓದ್ತೀವಿ. (ಓದದೇನೇ ದೊಡ್ಡ ಸರ್ವರ್ ಕೇಳೋರೂ ಇದಾರೆ, ಅವರನ್ನ ಇನ್ನೊಂದಿನ ಬೈತೀನಿ.) ಪಂಪಿಗೆ ಸದ್ದೇ ಲಾಗ್.

ಬಾವಿ ದಂಡೆ ಮೇಲಿನ ಮೊನೊಬ್ಲಾಕ್ ಪಂಪು ನೀರನ್ನ ಎಳೆಯುತ್ತೆ ಅಂತ ನಾವು ತಿಳ್ಕೊಂಡಿದೀವಿ. ನಿಜವಾಗಿ ಹೊರಗಿನ ಗಾಳಿಯ ಒತ್ತಡ ನೀರನ್ನ ಮೇಲಕ್ಕೆ ದೂಡುತ್ತೆ. ಸಮುದ್ರಮಟ್ಟದಲ್ಲೂ ಅದರ ಮಿತಿ 10.3 ಮೀಟರ್. ಪೈಪಿನ ತಿಕ್ಕಾಟ ಗಿಕ್ಕಾಟ ಕಳೆದ್ರೆ ಕೈಗೆ ಸಿಗೋದು ಆರೇಳು ಮೀಟರ್. ಬೇಸಿಗೇಲಿ ನೀರು ಅದಕ್ಕಿಂತ ಕೆಳಗೆ ಹೋದ್ರೆ, ಇಲ್ಲಾ ಫುಟ್‌ವಾಲ್ವ್ ಜಾಲರಿಗೆ ಪಾಚಿ ಕಟ್ಟಿದ್ರೆ, ಇಂಪೆಲ್ಲರ್ ಬಾಯಲ್ಲಿ ಒತ್ತಡ ಕುಸಿದು ನೀರು ತಣ್ಣಗಿದ್ದೇ ಕುದಿಯುತ್ತೆ. ಆ ಗುಳ್ಳೆಗಳು ಒಡೆಯೋ ಸದ್ದೇ ಡಬ್ಬದಲ್ಲಿ ಜಲ್ಲಿಕಲ್ಲು ಅಲ್ಲಾಡಿಸಿದಂಗೆ ಕೇಳೋದು. ಬರ್ತಾ ಬರ್ತಾ ಲೋಹವನ್ನೇ ತಿಂದು ಹಾಕುತ್ತೆ. ಅಲ್ಲಿಗೆ ಏಳೂವರೆ ಹಾಕಿದ್ರೆ ಹರಿವು ಹೆಚ್ಚಿಸೋಕೆ ಹೋಗಿ ಒತ್ತಡ ಇನ್ನೂ ಕುಸಿಯುತ್ತೆ.... ಸದ್ದೂ ಜಾಸ್ತಿ, ಸಾಲವೂ ಜಾಸ್ತಿ!

ಡೆಲಿವರಿ ಗೇಟ್‌ವಾಲ್ವ್ ಸ್ವಲ್ಪ ಮುಚ್ಚಿ ನೋಡಿ. ಗರಗರ ಇಳಿದ್ರೆ ತೊಂದರೆ ಸಕ್ಷನ್ ಕಡೆ ಇದೆ. ಇಳಿಯದೆ ಕಿರ್ ಅಂತಾನೇ ಇದ್ರೆ ಬೇರಿಂಗ್ ನೋಡಿ. ತಿರುಗದೆ ಬರೀ ಗುಂಯ್ ಅಂದ್ರೆ ಒಂದು ಫೇಸ್ ಹೋಗಿರಬಹುದು, ತಕ್ಷಣ ಆಫ್ ಮಾಡಿ. ಇದಕ್ಕೆಲ್ಲ ಐದು ಪೈಸೆ ಖರ್ಚಿಲ್ಲ. ಅದಕ್ಕೇ ಯಾರೂ ಹೇಳಲ್ಲ ಅನ್ಸುತ್ತೆ.

ಬೋರಿನ ಕತೆ ಬೇರೆ. ಸಬ್‌ಮರ್ಸಿಬಲ್ ಪಾತಾಳದಲ್ಲಿರುತ್ತೆ, ಅದರ ಕೂಗು ಕೇಳಲ್ಲ. ಮೇಲೆ ಪೈಪು ಪುಸ್ ಪುಸ್ ಅಂತ ನೀರಿನ ಜೊತೆ ಗಾಳಿ ಉಗುಳೋಕೆ ಶುರು ಮಾಡಿದ್ರೆ, ಬಂಡೆ ಬಿರುಕಲ್ಲಿ ಬರೋದಕ್ಕಿಂತ ಬೇಗ ನಾವು ಎತ್ತುತಿದೀವಿ ಅಂತ. ಅಲ್ಲಿಗೂ ದೊಡ್ಡ ಮೋಟ್ರಂತೆ! 2008ರಿಂದ 10 ಎಚ್‌ಪಿವರೆಗೆ ಕರೆಂಟು ಫ್ರೀ, ಹಾಗಾಗಿ ಬಿಲ್ಲು ನೋಡಿ ಎಚ್ಚೆತ್ತುಕೊಳ್ಳೋ ದಾರಿಯೂ ಇಲ್ಲ. ಫ್ರೀ ಕರೆಂಟಿಗೆ ನನ್ನ ತಕರಾರಿಲ್ಲ. ಆದ್ರೆ ರಿವೈಂಡಿಂಗ್ ಫ್ರೀ ಅಲ್ವಲ್ಲ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳದ ಪಂಪು ಹೀಗೇ ಗರಗರ ಅಂದ್ರೆ ಮೊದಲು ಜಾಲರಿ ಬುಟ್ಟಿ ಬಿಚ್ಚಿ ಎಲೆ ಕಸ ತೆಗೀತಾರೆ. ನಮ್ಮ ರೈತನ ಪಂಪಿಗೆ ಮಾತ್ರ ಎಲೆ ಕಸ ನೋಡೋಕೆ ಮುಂಚೆ ಹೊಸ ಮೋಟ್ರಿನ ಕೊಟೇಶನ್ ಬರುತ್ತೆ!